ಸೂರ್ಯನ ಗಾಳಿ: ಜೋರಿಗಿಂತ ದಿಕ್ಕೇ ಮುಖ್ಯ

2024ರ ಮೇ 10, ಶುಕ್ರವಾರ. ರಾತ್ರಿ ಹತ್ತು ದಾಟಿತ್ತು. ಊಟ ಮುಗಿಸಿ ಫೋನ್ ಹಿಡಿದು ಕೂತಿದ್ದೆ. ಕೆಲವರಿಗೆ ಷೇರುಪೇಟೆಯ ಗ್ರಾಫ್ ನೋಡುವ ಚಟ ಇರುತ್ತಲ್ಲ, ನನಗೆ ಸೌರ ಮಾರುತದ ಗ್ರಾಫ್ ನೋಡುವ ಚಟ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಹೋದರೆ ಎಲ್1 ಅನ್ನುವ ಜಾಗ ಸಿಗುತ್ತದೆ. ಅಲ್ಲಿರುವ ಉಪಗ್ರಹಗಳು ಸೂರ್ಯನಿಂದ ಬೀಸುವ ಗಾಳಿಯ ವೇಗ, ದಟ್ಟಣೆ, ಅದರೊಳಗಿನ ಕಾಂತಕ್ಷೇತ್ರ ಎಲ್ಲವನ್ನೂ ನಿಮಿಷ ನಿಮಿಷಕ್ಕೂ ಅಳೆದು ಕಳಿಸುತ್ತಿರುತ್ತವೆ. ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಡಬೇಕಿಲ್ಲ.

ಹತ್ತು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಗ್ರಾಫಿನ ಎಲ್ಲ ಗೆರೆಗಳೂ ಒಟ್ಟಿಗೆ ನೆಗೆದವು. ಸೆಕೆಂಡಿಗೆ 450 ಕಿ.ಮೀ. ಆಸುಪಾಸಿನಲ್ಲಿದ್ದ ವೇಗ 700ರ ಹತ್ತಿರಕ್ಕೆ ಹೋಯಿತು. ಅರ್ಧ ಗಂಟೆ ಬಿಟ್ಟು, ಸುಮಾರು 10:35ಕ್ಕೆ, ಆ ಹೊಡೆತ ಭೂಮಿಗೆ ಬಡಿಯಿತು. ಜಗತ್ತಿನ ಕಾಂತ ವೀಕ್ಷಣಾಲಯಗಳ ಗೆರೆಗಳೆಲ್ಲ ಒಂದೇ ಸಲ ಹಾರಿದವು. ಆದರೆ ನಾನು ಕಣ್ಣಿಟ್ಟಿದ್ದು ವೇಗದ ಮೇಲಲ್ಲ. ಅದರ ಮೇಲ್ಗಡೆ ಒಂದು ಕೆಂಪು ಗೆರೆ ಇರುತ್ತದೆ. ಸೊನ್ನೆಯ ಮೇಲೆ ಕೆಳಗೆ ಸುಮ್ನೆ ತೂಗಾಡುತ್ತಿರುತ್ತದೆ. ಆ ರಾತ್ರಿ ಅದು ಸೊನ್ನೆಯಿಂದ ಕೆಳಗೆ ಬಿದ್ದು, ಹತ್ತು, ಇಪ್ಪತ್ತು ದಾಟಿ, ಮುಂದೆ ಮೈನಸ್ 50ರ ಹತ್ತಿರದವರೆಗೂ ಹೋಯಿತು.

ಬೆಳಿಗ್ಗೆ ಅಕ್ಕನ ಮಗ ಮಿಷಿಗನ್‌ನಿಂದ ಫೋಟೊ ಕಳಿಸಿದ್ದ. ಅವನ ಮನೆ ಹಿತ್ತಲ ಮೇಲೆ ಆಕಾಶ ಪೂರ್ತಿ ಗುಲಾಬಿ, ಹಸಿರು. ಕೆಳಗೆ ಒಂದು ಸಾಲು: "ಮಾಮ, ಅಲ್ಲೂ ಕಾಣಿಸ್ತಾ?" ಬೆಂಗಳೂರಿನಲ್ಲಿ ಏನೂ ಕಾಣಿಸಲಿಲ್ಲ, ಕಾಣಿಸುವುದೂ ಇಲ್ಲ. ಆದರೆ ಲಡಾಖ್‌ನ ಹಾನ್ಲೆಯಲ್ಲಿ ಕಾಣಿಸಿತ್ತು. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿ 4,500 ಮೀಟರ್ ಎತ್ತರದಲ್ಲಿ ವೀಕ್ಷಣಾಲಯ ನಡೆಸುತ್ತಾರೆ. ಇಡೀ ಆಕಾಶವನ್ನು ಹಿಡಿಯುವ ಅಲ್ಲಿನ ಕ್ಯಾಮೆರಾದಲ್ಲಿ, ಉತ್ತರದ ಬೆಟ್ಟಗಳ ಮೇಲೆ, ಕೆಂಡದಂಥ ಕೆಂಪು ಬೆಳಕು ದಾಖಲಾಯಿತು.

ಯಾಕೆ ಬರೀ ಕೆಂಪು? ಸಾಮಾನ್ಯವಾಗಿ ಧ್ರುವದ ಕಡೆಯ ಆಕಾಶದಲ್ಲಿ ಮೂಡುವ ಈ ಬೆಳಕಿಗೆ ಅರೋರಾ ಅಂತಾರೆ. ಅದರಲ್ಲಿ ಹಸಿರು ಹುಟ್ಟುವುದು ನೆಲದಿಂದ 100-150 ಕಿ.ಮೀ. ಎತ್ತರದಲ್ಲಿ. ಕೆಂಪು ಹುಟ್ಟುವುದು ಅದಕ್ಕಿಂತ ಮೇಲೆ, 200 ಕಿ.ಮೀ. ದಾಟಿದ ಮೇಲೆ. ಎರಡೂ ಆಮ್ಲಜನಕದ ಬಣ್ಣಗಳೇ. ದೂರದ ಊರಿನ ದೇವಸ್ಥಾನದಲ್ಲಿ ನಮಗೆ ಗೋಪುರದ ತುದಿ ಮಾತ್ರ ಕಾಣುವುದಲ್ಲವೇ, ಹಾಗೆ ಹಾನ್ಲೆಗೆ ಕಂಡದ್ದು ಬೆಳಕಿನ ತುದಿ ಮಾತ್ರ.

ಆ ವಾರ ಟಿವಿಗಳಲ್ಲಿ ಒಂದೇ ಸುದ್ದಿ. ಸೂರ್ಯನಲ್ಲಿ ಭಾರಿ ಸ್ಫೋಟ, ಎಕ್ಸ್ ದರ್ಜೆಯ (ಅಂದರೆ ಅತಿ ಜೋರಿನ ದರ್ಜೆಯ) ಜ್ವಾಲೆ, ಇಂಟರ್ನೆಟ್ ಬಂದ್. ಇಂಥ ಸುದ್ದಿ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಬಹುತೇಕ ಸಲ ಏನೂ ಆಗುವುದಿಲ್ಲ. ಜನ ನಕ್ಕು ಸುಮ್ಮನಾಗುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಸೂರ್ಯನಲ್ಲಿ ಎಷ್ಟು ದೊಡ್ಡ ಸ್ಫೋಟ ಆಯಿತು ಅನ್ನುವುದರಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಎಷ್ಟು ದೊಡ್ಡ ಬಿರುಗಾಳಿ ಏಳುತ್ತದೆ ಅಂತ ಹೇಳಲು ಬರುವುದಿಲ್ಲ. ಅದನ್ನು ಹೇಳುವುದು ಆ ಕೆಂಪು ಗೆರೆ. ಅದು ಸಿಗುವುದು ಅರ್ಧ ಗಂಟೆ ಮುಂಚೆ, ಬಹಳ ಅಂದರೆ ಒಂದು ಗಂಟೆ.

ಮೊದಲು ಗಾಳಿಯ ವಿಷಯ. ಗಾಳಿ ಅಂತ ಕರೆದರೂ ಅದರಲ್ಲಿ ಒಂದು ಎಲೆಯೂ ಅಲುಗಾಡದು. ಭೂಮಿಯ ಹತ್ತಿರ ಒಂದು ಸಕ್ಕರೆ ಕ್ಯೂಬಿನಷ್ಟು ಜಾಗದಲ್ಲಿ ಐದೋ ಹತ್ತೋ ಕಣ ಇರುತ್ತವೆ, ಅಷ್ಟೇ. ಹೆಚ್ಚಿನವು ಪ್ರೋಟಾನು, ಎಲೆಕ್ಟ್ರಾನು. ಆದರೆ ವೇಗ ನೋಡಿ. ಸಾಮಾನ್ಯ ದಿನದಲ್ಲೇ ಸೆಕೆಂಡಿಗೆ 400 ಕಿ.ಮೀ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ಸೆಕೆಂಡು. ಸೂರ್ಯನ ಹೊರಗಿನ ವಾತಾವರಣವಾದ ಕರೋನಾದ ಬಿಸಿ ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ. ಅಷ್ಟು ಬಿಸಿಯಾದ ಅನಿಲವನ್ನು ಸೂರ್ಯನ ಗುರುತ್ವಕ್ಕೂ ಹಿಡಿದಿಡಲು ಆಗುವುದಿಲ್ಲ. ಹಾಲು ಉಕ್ಕಿದ ಹಾಗೆ ಸದಾ ಹೊರಗೆ ಉಕ್ಕುತ್ತಲೇ ಇರುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಜಾಸ್ತಿ.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಶಿಕಾಗೊದ ಯೂಜೀನ್ ಪಾರ್ಕರ್, 1958ರಲ್ಲಿ. ಆಗ ಅವರಿಗೆ ಮೂವತ್ತು ವರ್ಷ. ಲೇಖನ ಓದಿದ ಇಬ್ಬರು ಪರಿಶೀಲಕರೂ ಇದು ಪ್ರಕಟಣೆಗೆ ಯೋಗ್ಯವಲ್ಲ ಅಂದರು. ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಈ ವಾದ ಒಪ್ಪಿಗೆಯಾಗಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲ. ತಪ್ಪು ಸಿಗದ ಮೇಲೆ ತಡೆಯುವುದು ಯಾಕೆ ಅಂತ ಪ್ರಕಟಿಸಿಬಿಟ್ಟರು. 1962ರಲ್ಲಿ ಶುಕ್ರ ಗ್ರಹಕ್ಕೆ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಈ ಗಾಳಿಯನ್ನು ಅಳೆಯಿತು. ಪಾರ್ಕರ್ ಹೇಳಿದ್ದೇ ಸರಿಯಾಗಿತ್ತು. ಒಪ್ಪದ ಮಾತನ್ನೂ ಅಚ್ಚು ಹಾಕುವ ಸಂಪಾದಕರು ಈಗ ಎಷ್ಟು ಜನ ಸಿಕ್ಕಾರು, ಆ ಮಾತು ಬೇರೆ.

ಈ ಗಾಳಿ ಬರಿಗೈಲಿ ಬರುವುದಿಲ್ಲ. ಸೂರ್ಯನ ಕಾಂತಕ್ಷೇತ್ರದ ಒಂದಿಷ್ಟನ್ನು ಜೊತೆಗೇ ಎಳೆದುಕೊಂಡು ಬರುತ್ತದೆ. ಅದು ಬಹಳ ದುರ್ಬಲ. ಸಾಮಾನ್ಯ ದಿನದಲ್ಲಿ 5 ನ್ಯಾನೋಟೆಸ್ಲಾ, ಕಾಂತಕ್ಷೇತ್ರ ಅಳೆಯುವ ಮಾನ ಇದು. ಫ್ರಿಡ್ಜಿನ ಬಾಗಿಲಿಗೆ ಅಂಟಿಸುತ್ತೀವಲ್ಲ, ಆ ಪುಟ್ಟ ಅಯಸ್ಕಾಂತ ಇದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಶಕ್ತಿಯದ್ದು. ಕರ್ನಾಟಕದಲ್ಲಿ ನಾವು ನಿಂತ ನೆಲದ ಮೇಲಿನ ಭೂಮಿಯ ಕಾಂತಕ್ಷೇತ್ರವೇ 40,000 ನ್ಯಾನೋಟೆಸ್ಲಾ ಆಸುಪಾಸು. ಇಂಥ ಭೂಮಿಯನ್ನು ಅಂಥ ದುರ್ಬಲ ಕ್ಷೇತ್ರ ಅಲ್ಲಾಡಿಸುವುದು ಹೇಗೆ?

ಕಣದಲ್ಲಿ ರಾಗಿಯೋ ಜೋಳವೋ ತೂರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆ, ನಿಜ. ಆದರೆ ತೂರುವವನು ಮೊದಲು ನೋಡುವುದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ. ಅದಕ್ಕೆ ತಕ್ಕ ಹಾಗೆ ತಿರುಗಿ ನಿಲ್ಲುತ್ತಾನೆ. ಇಲ್ಲದಿದ್ದರೆ ಹೊಟ್ಟು ಕಣ್ಣಿಗೆ. ಭೂಮಿಗೆ ತಿರುಗಿ ನಿಲ್ಲಲು ಬರುವುದಿಲ್ಲ. ಅದರ ಕಾಂತಕ್ಷೇತ್ರದ ದಿಕ್ಕು ಸದ್ಯಕ್ಕೆ ಗಟ್ಟಿ. ಸಮಭಾಜಕದ ಮೇಲೆ, ಸೂರ್ಯನಿಗೆ ಎದುರಾದ ಕಡೆ, ಅದು ದಕ್ಷಿಣದಿಂದ ಉತ್ತರಕ್ಕೆ. ಗಾಳಿಯ ಜೊತೆ ಬಂದ ಕ್ಷೇತ್ರವೂ ಉತ್ತರಕ್ಕೇ ಇದ್ದರೆ ಎರಡೂ ಒಂದೇ ದಿಕ್ಕು. ಒಂದಕ್ಕೊಂದು ಬೆರೆಯುವುದಿಲ್ಲ. ಗಾಳಿ ಭೂಮಿಯ ಕಾಂತಗೋಳವನ್ನು, ಅಂದರೆ ಅದರ ಕಾಂತಕ್ಷೇತ್ರ ಆವರಿಸಿದ ಜಾಗವನ್ನು, ಬಳಸಿಕೊಂಡು, ಹೊಳೆಯ ನೀರು ಬಂಡೆ ಸುತ್ತಿ ಹೋದ ಹಾಗೆ, ಹೋಗಿಬಿಡುತ್ತದೆ.

ಅದೇ ದಕ್ಷಿಣಕ್ಕೆ ತಿರುಗಿದ್ದರೆ ಕತೆ ಬೇರೆ. ಎದುರುಬದುರಾದ ಎರಡು ಕ್ಷೇತ್ರಗಳು ಒತ್ತಿಕೊಂಡಾಗ ಕಾಂತರೇಖೆಗಳು ತುಂಡಾಗಿ ಒಂದಕ್ಕೊಂದು ಗಂಟು ಹಾಕಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ರೀಕನೆಕ್ಷನ್ ಅಂತಾರೆ. ನಾವು ಮರುಜೋಡಣೆ ಅನ್ನೋಣ. ಈಗ ಭೂಮಿಯ ರೇಖೆಯ ಒಂದು ತುದಿ ಧ್ರುವದಲ್ಲಿ, ಇನ್ನೊಂದು ತುದಿ ಸೂರ್ಯನ ಗಾಳಿಯಲ್ಲಿ. ಗಾಳಿ ಓಡುತ್ತಲೇ ಇದೆ, ರೇಖೆಯನ್ನೂ ಎಳೆದುಕೊಂಡು ಹೋಗುತ್ತದೆ. ಭೂಮಿಯ ಹಿಂದುಗಡೆ, ರಾತ್ರಿಯ ಭಾಗದ ಆಚೆ, ಉದ್ದನೆಯ ಕಾಂತ ಬಾಲ ಇದೆ. ಎಳೆದ ರೇಖೆಗಳೆಲ್ಲ ಅಲ್ಲಿ ಪೇರಿಕೊಳ್ಳುತ್ತವೆ. ಕ್ಯಾಟರ್‌ಬಿಲ್ಲಿನ ರಬ್ಬರು ಎಳೆದಂತೆ ಬಿಗಿಯಾಗುತ್ತಾ ಹೋಗುತ್ತವೆ. ಒಂದು ಹಂತದಲ್ಲಿ ಅಲ್ಲೂ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತವೆ. ರಬ್ಬರು ಬಿಟ್ಟಂತೆ ಆಗಿ, ಅಲ್ಲಿದ್ದ ಕಣಗಳು ಭೂಮಿಯ ಕಡೆಗೆ ಚಿಮ್ಮುತ್ತವೆ. ಅಂದರೆ ಬಿರುಗಾಳಿ ನಮಗೆ ಬಡಿಯುವುದು ಮುಂದಿನ ಬಾಗಿಲಿನಿಂದಲ್ಲ, ಹಿತ್ತಲಿನಿಂದ. ಈ ಚಿತ್ರವನ್ನು ಬ್ರಿಟನ್ನಿನ ಜೇಮ್ಸ್ ಡಂಜಿ 1961ರಲ್ಲಿ ಕೊಟ್ಟರು. ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ ಇವತ್ತಿಗೂ ಅದೇ ಚಿತ್ರ.

ಗ್ರಾಫಿನ ಕೆಂಪು ಗೆರೆ ಅಳೆಯುವುದು ಇದನ್ನೇ. ಗಾಳಿಯ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಭಾಗ. ಈ ಕೆಲಸದಲ್ಲಿರುವವರು ಅದನ್ನು ಬಿಝಡ್ ಅಂತಾರೆ. ಪ್ಲಸ್ ಅಂದರೆ ಉತ್ತರ, ಮೈನಸ್ ಅಂದರೆ ದಕ್ಷಿಣ. ವೇಗ ಬೇಡವೇ ಅಂದರೆ ಬೇಕು. ದಕ್ಷಿಣಕ್ಕೆ ತಿರುಗಿದ ಕ್ಷೇತ್ರವನ್ನು ವೇಗದಿಂದ ಗುಣಿಸಿದರೆ ಎಷ್ಟು ಶಕ್ತಿ ಒಳಗೆ ಬರುತ್ತಿದೆ ಅನ್ನುವ ಅಂದಾಜು ಸಿಗುತ್ತದೆ. ದಟ್ಟಣೆ ಜಾಸ್ತಿಯಾದರೆ ಒತ್ತಡ ಜಾಸ್ತಿ. ಸಾಮಾನ್ಯವಾಗಿ ಸೂರ್ಯನ ಕಡೆಗೆ ಭೂಮಿಯ ತ್ರಿಜ್ಯದ ಹತ್ತು ಪಟ್ಟು ದೂರದಲ್ಲಿರುವ ಕಾಂತಗೋಳದ ಅಂಚು ಒಳಕ್ಕೆ ಒತ್ತಿಹೋಗುತ್ತದೆ. ಆದರೆ ಗುಣಾಕಾರದಲ್ಲಿ ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಎಷ್ಟಿದ್ದರೇನು? ಬಾಯಿಲೆಕ್ಕಕ್ಕೆ ಒಂದು ಸೂತ್ರ ಇದೆ. ಬಿಝಡ್ ಮೈನಸ್ 10ಕ್ಕಿಂತ ಕೆಳಗೆ ಇಳಿದು, ಮೂರು ಗಂಟೆ ಅಲ್ಲೇ ಉಳಿದರೆ, ತೀವ್ರ ಬಿರುಗಾಳಿ ಏಳುತ್ತದೆ. ಐದು ನಿಮಿಷ ಇಳಿದು ಮೇಲೆ ಬಂದರೆ ಏನೂ ಇಲ್ಲ.

ಬಾಯಿಮಾತಿಗೆ ಹೇಳುತ್ತಿಲ್ಲ, ಮೂರು ಪ್ರಸಂಗ ನೋಡಿ.

2014ರ ಅಕ್ಟೋಬರ್. ಸೂರ್ಯನ ಮೇಲೆ 24 ವರ್ಷಗಳಲ್ಲೇ ದೊಡ್ಡ ಕಪ್ಪು ಕಲೆಗಳ ಗುಂಪು, 12192 ಅನ್ನುವ ನಂಬರಿನದು. ಭೂಮಿಗೆ ಎದುರಾಗಿದ್ದಾಗ ಆರು ಎಕ್ಸ್ ದರ್ಜೆಯ ಜ್ವಾಲೆ ಹೊಮ್ಮಿಸಿತು. ಅದರಲ್ಲಿ ದೊಡ್ಡದು ಎಕ್ಸ್ 3.1. ಜ್ವಾಲೆ ಅಂದರೆ ಬೆಳಕು, ಎಕ್ಸ್-ಕಿರಣ. ಎಂಟು ನಿಮಿಷಕ್ಕೆ ಭೂಮಿ ತಲುಪುತ್ತದೆ. ರೇಡಿಯೊ ಸಂಪರ್ಕ ಸ್ವಲ್ಪ ಹೊತ್ತು ಕೆಡಿಸುತ್ತದೆ, ಮುಗಿಯಿತು. ಬಿರುಗಾಳಿ ತರುವುದು ಅದಲ್ಲ. ಸೂರ್ಯನಿಂದ ಕಿತ್ತುಬರುವ ಪ್ಲಾಸ್ಮಾದ, ಅಂದರೆ ವಿದ್ಯುತ್ ಕಣಗಳ ಬಿಸಿ ಅನಿಲದ, ಬೃಹತ್ ಮುದ್ದೆ ಇರುತ್ತದಲ್ಲ, ಸಿಎಂಇ ಅಂತಾರೆ, ಅದು ಬರಬೇಕು. ಆ ಗುಂಪಿನ ದೊಡ್ಡ ಜ್ವಾಲೆಗಳ ಜೊತೆ ಮುದ್ದೆಗಳು ಹೊರಡಲೇ ಇಲ್ಲ. ಗುಡುಗಿತು, ಮಳೆ ಬರಲಿಲ್ಲ.

ಐದೇ ತಿಂಗಳ ನಂತರ, 2015ರ ಮಾರ್ಚ್ 15. ಸಿ 9 ದರ್ಜೆಯ ಜ್ವಾಲೆ. ಅಂದರೆ ಹಿಂದಿನದರ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾವ ಟಿವಿಯೂ ಸುದ್ದಿ ಮಾಡಲಿಲ್ಲ. ಜೊತೆಗೆ ಒಂದು ಮುದ್ದೆ ಹೊರಟಿತ್ತು. 17ನೇ ತಾರೀಕು ಬಂದು ಮುಟ್ಟಿದಾಗ ಅದರ ಕಾಂತಕ್ಷೇತ್ರ ಗಂಟೆಗಟ್ಟಲೆ ದಕ್ಷಿಣಕ್ಕೆ ತಿರುಗಿಕೊಂಡಿತ್ತು. ಆ ಇಡೀ ಸೌರಚಕ್ರದ, ಅಂದರೆ ಸುಮಾರು 11 ವರ್ಷದ ಅವಧಿಯ, ಅತಿ ದೊಡ್ಡ ಭೂಕಾಂತ ಬಿರುಗಾಳಿ ಅದೇ ಆಯಿತು.

ಮೂರನೆಯದು ನನಗೆ ಬಲು ಇಷ್ಟದ್ದು. 1972ರ ಆಗಸ್ಟ್ 4. ಸೂರ್ಯನಿಂದ ಹೊರಟ ಮುದ್ದೆ 14.6 ಗಂಟೆಯಲ್ಲಿ ಭೂಮಿಗೆ ಬಂತು. ಅಷ್ಟು ಬೇಗ ಬಂದದ್ದು ಇವತ್ತಿನವರೆಗೂ ಇನ್ನೊಂದು ದಾಖಲಾಗಿಲ್ಲ. ಆಗ ವಿಯೆಟ್ನಾಂ ಯುದ್ಧ. ಅಮೆರಿಕದ ನೌಕಾಪಡೆ ಉತ್ತರ ವಿಯೆಟ್ನಾಂ ಕರಾವಳಿಯ ಸಮುದ್ರದಲ್ಲಿ ಸಿಡಿಗುಂಡು ಹುದುಗಿಸಿತ್ತು. ಹಡಗು ಹತ್ತಿರ ಬಂದಾಗ ಕಾಂತಕ್ಷೇತ್ರ ಬದಲಾಗುತ್ತದೆ, ಆಗ ಅವು ಸಿಡಿಯಬೇಕು. ಆ ದಿನ ಹಡಗೇ ಇಲ್ಲದೆ ಡಜನ್‌ಗಟ್ಟಲೆ ಸಿಡಿದವು. ಭೂಮಿಯ ಕಾಂತಕ್ಷೇತ್ರ ಅಷ್ಟು ತಟ್ಟನೆ ಅಲುಗಿತ್ತು. ಆದರೆ ತಮಾಷೆ ನೋಡಿ. ಅಷ್ಟು ಜೋರಿನ ಗಾಳಿ ತಂದ ಕ್ಷೇತ್ರ ಮುಖ್ಯವಾಗಿ ಉತ್ತರಕ್ಕಿತ್ತು. ಹೊಡೆತ ಬಿತ್ತು, ಬಾಗಿಲು ತೆರೆಯಲಿಲ್ಲ. ಬಿರುಗಾಳಿಯ ಅಳತೆಯಲ್ಲಿ ಅದು ಸುಮಾರು ಮೈನಸ್ 125. 2024ರ ಮೇ ತಿಂಗಳದ್ದು ಮೈನಸ್ 400 ದಾಟಿತ್ತು. ಅದೇ ಗಾಳಿ ದಕ್ಷಿಣಕ್ಕೆ ತಿರುಗಿದ್ದರೆ ಏನಾಗುತ್ತಿತ್ತೋ.

ಈ ಮೈನಸ್ ಲೆಕ್ಕ ಏನು ಅಂತ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು. ಹಿತ್ತಲಿನಿಂದ ನುಗ್ಗಿದ ಕಣಗಳಲ್ಲಿ ಬಹಳಷ್ಟು ಭೂಮಿಯ ಸುತ್ತ, ನೆಲದಿಂದ ಹತ್ತಾರು ಸಾವಿರ ಕಿ.ಮೀ. ಎತ್ತರದಲ್ಲಿ ಸಿಕ್ಕಿಬೀಳುತ್ತವೆ. ಪ್ರೋಟಾನುಗಳು ಒಂದು ಕಡೆ, ಎಲೆಕ್ಟ್ರಾನುಗಳು ಇನ್ನೊಂದು ಕಡೆ ಸುತ್ತುತ್ತವೆ. ಹೀಗೆ ಭೂಮಿಗೆ ಒಂದು ವಿದ್ಯುತ್ತಿನ ಉಂಗುರ ತೊಡಿಸಿದಂತಾಗುತ್ತದೆ. ಈ ಉಂಗುರ ಹುಟ್ಟಿಸುವ ಕಾಂತಕ್ಷೇತ್ರ ಭೂಮಿಯದಕ್ಕೆ ವಿರುದ್ಧ ದಿಕ್ಕಿನದು. ಅದರಿಂದ ಸಮಭಾಜಕದ ಹತ್ತಿರದ ಊರುಗಳಲ್ಲಿ ಕಾಂತಕ್ಷೇತ್ರ ಸ್ವಲ್ಪ ಕುಗ್ಗುತ್ತದೆ. ಎಷ್ಟು ನ್ಯಾನೋಟೆಸ್ಲಾ ಕುಗ್ಗಿತು ಅನ್ನುವುದೇ ಬಿರುಗಾಳಿಯ ಅಳತೆ. ಧ್ರುವದ ಕಡೆ ಬೆಳಕಿನ ಆಟ ನೋಡಬಹುದು, ಆದರೆ ಬಿರುಗಾಳಿಯ ತೂಕ ಅಳೆಯಲು ನಮ್ಮಂಥ ಬಿಸಿಲು ನಾಡೇ ಬೇಕು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಾ ಕೂತಿದ್ದಾಗ ಕಣ್ಣೆದುರೇ ಬಿಳಿ ಬೆಳಕು ಮಿಂಚಿತು. ಹದಿನೇಳು ಗಂಟೆ ಚಿಲ್ಲರೆ ಕಳೆದ ಮೇಲೆ ಬಿರುಗಾಳಿ ಎದ್ದಿತು. ತಂತಿ ಕಚೇರಿಗಳಲ್ಲಿ ಕಿಡಿ ಹಾರಿತು. ಯುರೋಪಿನ ಕೆಲವು ವೀಕ್ಷಣಾಲಯಗಳ ಉಪಕರಣಗಳು ಕಾಗದದ ಅಂಚು ದಾಟಿಹೋದವು. ಬಾಂಬೆಯ ಕೊಲಾಬಾದಲ್ಲಿ ಮಾತ್ರ, ಕಣ್ಣಿಂದ ನೋಡಿ ಕೈಯಿಂದ ಬರೆದುಕೊಳ್ಳುತ್ತಿದ್ದರು. ಅವರ ಲೆಕ್ಕದ ಪುಸ್ತಕದಲ್ಲಿ ಸುಮಾರು 1,600 ನ್ಯಾನೋಟೆಸ್ಲಾ ಕುಸಿತ ದಾಖಲಾಗಿದೆ. ಒಂದೂವರೆ ಶತಮಾನದ ಕಾಲ ಆ ಪುಸ್ತಕಗಳನ್ನು ಯಾರೂ ಹೆಚ್ಚು ತಿರುವಿ ನೋಡಲಿಲ್ಲ. 2003ರಲ್ಲಿ ಭಾರತೀಯ ಭೂಕಾಂತ ಸಂಸ್ಥೆಯ ವಿಜ್ಞಾನಿಗಳೂ ಅಮೆರಿಕ, ಬ್ರೆಜಿಲ್‌ನವರೂ ಸೇರಿ ಅದನ್ನು ತೆಗೆದು ಲೆಕ್ಕ ಹಾಕಿದಾಗ ಜಗತ್ತು ಬೆಚ್ಚಿತು. ಕ್ಯಾರಿಂಗ್ಟನ್ ಬಿರುಗಾಳಿ ಎಷ್ಟು ದೊಡ್ಡದಿತ್ತು ಅನ್ನುವ ವಾದವೆಲ್ಲ ಇವತ್ತಿಗೂ ಈ ಕೊಲಾಬಾ ಪುಸ್ತಕದ ಸುತ್ತಲೇ ನಡೆಯುತ್ತದೆ. ಅಂದ ಹಾಗೆ, ಬಾಂಬೆಗೆ ವಿದ್ಯುತ್ ಟ್ರಾಮ್ ಬಂದಾಗ ಅದರ ಕರೆಂಟಿನಿಂದ ಅಳತೆ ಕೆಡುತ್ತದೆ ಅಂತ ಕಾಂತ ವೀಕ್ಷಣೆಯನ್ನೇ ಸಮುದ್ರದಾಚೆಯ ಅಲಿಬಾಗ್‌ಗೆ ಸಾಗಿಸಿದರು. ಈಗಲೂ ಅಲ್ಲೇ ಇದೆ.

ಮತ್ತೆ 2024ರ ಮೇ ತಿಂಗಳಿಗೆ ಬರೋಣ. ಈ ಸಲ ಕಲೆಗಳ ಗುಂಪು ಭೂಮಿಗಿಂತ ಹದಿನೈದು ಪಟ್ಟು ಅಗಲ ಇತ್ತು. ಗ್ರಹಣದ ಕನ್ನಡಕ ಹಾಕಿಕೊಂಡರೆ ಬರಿಗಣ್ಣಿಗೇ ಕಾಣುತ್ತಿತ್ತು. ಒಂದರ ಹಿಂದೆ ಒಂದು, ಕಡಿಮೆ ಅಂದರೂ ಐದು ಮುದ್ದೆಗಳು ಭೂಮಿಯ ಕಡೆ ಹೊರಟವು. ಹಿಂದಿನದು ವೇಗದ್ದು, ಮುಂದಿನದು ನಿಧಾನದ್ದು. ದಾರಿಯಲ್ಲೇ ಒಂದನ್ನೊಂದು ಹಿಡಿದು, ಒತ್ತಿ, ಬೆರೆತುಹೋದವು. ಒತ್ತಿದಾಗ ಕಾಂತಕ್ಷೇತ್ರ ಗಟ್ಟಿಯಾಗುತ್ತದೆ. ಸಾಮಾನ್ಯ ದಿನದ 5 ಇದ್ದದ್ದು 70 ದಾಟಿದ್ದು ಹೀಗೆ. ಅದರಲ್ಲಿ ಬಹುಪಾಲು ದಕ್ಷಿಣಕ್ಕೆ ತಿರುಗಿತ್ತು, ನಮ್ಮ ಗ್ರಹಚಾರ. 2003ರ ಅಕ್ಟೋಬರ್ ನಂತರ ಮೊದಲ ಸಲ ಬಿರುಗಾಳಿ ಜಿ5 ಮಟ್ಟ ಮುಟ್ಟಿತು. ಜಿ5 ಅಂದರೆ ಅಳತೆಪಟ್ಟಿಯ ಕೊನೆಯ ಮೆಟ್ಟಿಲು. ಆ ತಿಂಗಳ ಆರಂಭದಲ್ಲಷ್ಟೇ ತೀರಿಕೊಂಡಿದ್ದ ಬಾಹ್ಯಾಕಾಶ ಹವಾಮಾನ ವಿಜ್ಞಾನಿ ಜೆನಿಫರ್ ಗ್ಯಾನನ್ ಅವರ ಹೆಸರನ್ನು ಈ ಬಿರುಗಾಳಿಗೆ ಅವರ ಸಹೋದ್ಯೋಗಿಗಳು ಇಟ್ಟಿದ್ದಾರೆ.

ನಮ್ಮ ಆದಿತ್ಯ-ಎಲ್1 ಅದೇ ವರ್ಷದ ಜನವರಿ 6ರಂದು ಎಲ್1 ಸೇರಿತ್ತು. ಬೆಂಗಳೂರಿನಲ್ಲಿ ತಯಾರಾದ ಕಾಂತಮಾಪಕ ಅದರಲ್ಲಿದೆ. ಅದರ ಅಳತೆಗಳನ್ನು ಅಮೆರಿಕದ ಆರು ನೌಕೆಗಳ ಅಳತೆಗಳ ಜೊತೆ ಇಟ್ಟು ನೋಡಿದಾಗ ಒಂದು ವಿಚಿತ್ರ ಸಿಕ್ಕಿತು. ಎರಡು ಮುದ್ದೆಗಳು ಡಿಕ್ಕಿಯಾದ ಜಾಗದಲ್ಲಿ, ಭೂಮಿ ತಲುಪುವ ಮುಂಚೆಯೇ, ಮುದ್ದೆಯ ಒಳಗೇ ಮರುಜೋಡಣೆ ನಡೆಯುತ್ತಿತ್ತು. ಆ ಜಾಗದ ಅಗಲ ಸುಮಾರು 13 ಲಕ್ಷ ಕಿ.ಮೀ., ಭೂಮಿಯನ್ನು ನೂರು ಸಲ ಸಾಲಾಗಿ ಇಟ್ಟಷ್ಟು. ಒಂದೇ ನೌಕೆ ಇದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ನದಿಯಲ್ಲಿ ಒಂದು ಕಡೆ ಕಾಲಿಟ್ಟು ಇಡೀ ನದಿಯ ಸೆಳವು ಹೇಳಲು ಆಗುತ್ತದೆಯೇ?

ಇಷ್ಟೆಲ್ಲ ಆಗಿ ನಷ್ಟ ಏನಾಯಿತು? ಟಿವಿಯವರು ಹೇಳಿದ್ದು ಯಾವುದೂ ಆಗಲಿಲ್ಲ. ಅವರು ಹೇಳದ್ದು ಆಯಿತು. ಅಮೆರಿಕದಲ್ಲಿ ಅದು ಜೋಳ ಬಿತ್ತುವ ಹೊತ್ತು. ಅಲ್ಲಿನ ಟ್ರ್ಯಾಕ್ಟರುಗಳು ಜಿಪಿಎಸ್ ಹಿಡಿದು ಒಂದೆರಡು ಇಂಚಿನ ಲೆಕ್ಕದಲ್ಲಿ ಸಾಲು ಹೊಡೆಯುತ್ತವೆ. ಬಿರುಗಾಳಿಯಲ್ಲಿ ಅಯಾನುಗೋಳ, ಅಂದರೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಕಣಗಳಿರುವ ಪದರ, ಕದಡಿ, ಸಿಗ್ನಲ್ಲು ದಾರಿ ತಪ್ಪಿತು. ಎಷ್ಟೋ ರೈತರು ಟ್ರ್ಯಾಕ್ಟರ್ ನಿಲ್ಲಿಸಿ ಕೂತರು. ನ್ಯೂಜಿಲೆಂಡಿನಲ್ಲಿ ಕೆಲವು ವಿದ್ಯುತ್ ಮಾರ್ಗಗಳನ್ನು ಮುಂಜಾಗ್ರತೆಗೆ ಬಂದ್ ಮಾಡಿದರು. ನಮ್ಮ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಸುಮಾರು 30 ಭೂಸ್ಥಿರ ಉಪಗ್ರಹಗಳ ಮೇಲೆ ಅಲ್ಲಿಂದ ಕಣ್ಣಿಟ್ಟಿದ್ದರು. ಉಪಗ್ರಹವನ್ನು ನೇರ ನಿಲ್ಲಿಸುವ ಚಕ್ರಗಳ ವೇಗದಲ್ಲಿ ಏರುಪೇರು ಕಂಡಿತು. ದೊಡ್ಡ ತೊಂದರೆ ಆಗಲಿಲ್ಲ.

ಕೆಳಗಿನ ಕಕ್ಷೆಯ ಉಪಗ್ರಹಗಳದ್ದು ಬೇರೆ ಗೋಳು. ಬಿರುಗಾಳಿಯಲ್ಲಿ ಮೇಲಿನ ವಾತಾವರಣ ಕಾದು ಪೂರಿಯಂತೆ ಉಬ್ಬುತ್ತದೆ. ನಿನ್ನೆವರೆಗೂ ಖಾಲಿಯಂತಿದ್ದ ಜಾಗದಲ್ಲಿ ಈಗ ಗಾಳಿ. ಉಪಗ್ರಹಕ್ಕೆ ತಡೆ, ಕೆಳಗೆ ಜಾರುತ್ತದೆ. ಇಸ್ರೋದ ಇಒಎಸ್-07 ದಿನಕ್ಕೆ ಸರಾಸರಿ 300 ಮೀಟರ್ ಇಳಿಯುತ್ತಿದ್ದದ್ದು ಮೇ 11ರಂದು 600 ಮೀಟರ್ ಇಳಿಯಿತು. ಇದಕ್ಕೆ ಜಿ5 ಕೂಡ ಬೇಕಿಲ್ಲ. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್‌ನ 49 ಉಪಗ್ರಹಗಳನ್ನು ಹಾರಿಸಿದ ಮರುದಿನವೇ ಸಣ್ಣದೊಂದು ಬಿರುಗಾಳಿ ಎದ್ದಿತು. ತಜ್ಞರೂ ಅದನ್ನು ದೊಡ್ಡದು ಅನ್ನಲಿಲ್ಲ. ಆದರೆ ಉಪಗ್ರಹಗಳು ಇನ್ನೂ 210 ಕಿ.ಮೀ. ಎತ್ತರದ ತಾತ್ಕಾಲಿಕ ಕಕ್ಷೆಯಲ್ಲಿದ್ದವು. ಗಾಳಿಯ ತಡೆ ಅರ್ಧದಷ್ಟು ಜಾಸ್ತಿಯಾಗಿ, ಸುಮಾರು 40 ಉಪಗ್ರಹ ಮೇಲೇರಲಾರದೆ ಸುಟ್ಟು ಬಿದ್ದವು.

ಕರೆಂಟಿನ ವಿಷಯ ಕೇಳುವವರು ಜಾಸ್ತಿ. 1989ರ ಮಾರ್ಚ್ 13ರ ನಸುಕಿನಲ್ಲಿ ಕೆನಡಾದ ಕ್ವಿಬೆಕ್‌ನ ಇಡೀ ವಿದ್ಯುತ್ ಜಾಲ 90 ಸೆಕೆಂಡಿನಲ್ಲಿ ಕುಸಿಯಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತರು. ಕಾಂತಕ್ಷೇತ್ರ ಬೇಗ ಬೇಗ ಬದಲಾದರೆ ನೆಲದಲ್ಲಿ ಕರೆಂಟು ಹುಟ್ಟುತ್ತದೆ. ನೆಲ ಗಟ್ಟಿ ಬಂಡೆಯದ್ದಾದರೆ ಆ ಕರೆಂಟಿಗೆ ಹರಿಯಲು ಜಾಗವಿಲ್ಲ. ಉದ್ದನೆಯ ವಿದ್ಯುತ್ ತಂತಿಯೇ ಅದಕ್ಕೆ ಸಲೀಸು ದಾರಿ. ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ ನುಗ್ಗುತ್ತದೆ. ಕ್ವಿಬೆಕ್ ಕೂತಿರುವುದು ಹಳೇ ಬಂಡೆಯ ಮೇಲೆ. ಹಾಗೆ ನೋಡಿದರೆ ಲಾಲ್‌ಬಾಗ್ ಬಂಡೆಯ ನಾಡಿನವರಾದ ನಾವೂ ಹಳೇ ಗಟ್ಟಿ ಬಂಡೆಯ ಮೇಲೇ ಇದ್ದೀವಿ. ಆದರೆ ನಮ್ಮ ತಲೆ ಮೇಲೆ ಅರೋರಾದ ವಿದ್ಯುತ್ ಹೊಳೆ ಹರಿಯುವುದಿಲ್ಲ. ಅದಿರುವುದು ಧ್ರುವದ ಕಡೆ. ಹಾಗಾಗಿ ನಮ್ಮ ಜಾಲಕ್ಕೆ ಅಪಾಯ ಕಡಿಮೆ, ಸೊನ್ನೆ ಅಲ್ಲ. ನಮ್ಮ ಕಡೆಯ ನಿಜವಾದ ತಲೆನೋವು ಅಯಾನುಗೋಳದ್ದು. ಭೂಮಿಯ ಕಾಂತಕ್ಷೇತ್ರದ ನಡುಗೆರೆಯಾದ ಕಾಂತ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತದೆ. ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರ ಕಟ್ಟಿದ್ದೂ ಅದಕ್ಕೇ. ಇಲ್ಲಿನ ಅಯಾನುಗೋಳ ಮೊದಲೇ ತುಂಟ. ಬಿರುಗಾಳಿ ಬಂದರೆ ಇನ್ನೂ ಜಾಸ್ತಿ ಕುಣಿಯುತ್ತದೆ, ಜಿಪಿಎಸ್ ಲೆಕ್ಕ ತಪ್ಪುತ್ತದೆ.

ಹಾಗಾದರೆ ಆ ಕೆಂಪು ಗೆರೆಯನ್ನು ಎರಡು ದಿನ ಮುಂಚೆ ಯಾಕೆ ಹೇಳಬಾರದು? ಎಲ್ಲರಿಗೂ ಬೇಕಾಗಿರುವುದು ಅದೇ. ಮುದ್ದೆ ಹೊರಟಿದ್ದು ಕ್ಯಾಮೆರಾಗೆ ಕಾಣುತ್ತದೆ. ವೇಗ ಅಳೆಯಬಹುದು. ಯಾವಾಗ ಬರುತ್ತದೆ ಅಂತ ಕೆಲವು ಗಂಟೆ ಹೆಚ್ಚುಕಮ್ಮಿಯಲ್ಲಿ ಹೇಳಬಹುದು. ಆದರೆ ಕಾಂತಕ್ಷೇತ್ರ ಫೋಟೊದಲ್ಲಿ ಕಾಣುವುದಿಲ್ಲ. ಮುದ್ದೆಯೊಳಗೆ ಅದು ಹಗ್ಗದ ಹಾಗೆ ಹುರಿಗೊಂಡಿರುತ್ತದೆ. ಹೊರಡುವಾಗ ಇದ್ದ ದಿಕ್ಕು ದಾರಿಯಲ್ಲಿ ತಿರುಗಬಹುದು, ಇನ್ನೊಂದು ಮುದ್ದೆಗೆ ಬಡಿದು ಜಜ್ಜಬಹುದು. ಸೂರ್ಯನ ಮೇಲ್ಮೈ ನೋಡಿ ಊಹೆ ಮಾಡುತ್ತಾರೆ, ಅದು ಊಹೆಯೇ. ನಿಜ ತಿಳಿಯುವುದು ಎಲ್1ಗೆ ಬಂದು ಮುಟ್ಟಿದಾಗ. ಸೆಕೆಂಡಿಗೆ 800 ಕಿ.ಮೀ. ವೇಗದ ಗಾಳಿಗೆ ಅಲ್ಲಿಂದ ನಮ್ಮ ಮನೆಗೆ ಅರ್ಧ ಗಂಟೆಯ ದಾರಿ. ಜೋರಾದಷ್ಟೂ ಸಮಯ ಕಡಿಮೆ.

ಇದನ್ನು ಉದ್ದ ಮಾಡುವ ದಾರಿ ಒಂದಿದೆ. ಕಾವಲುಗಾರನನ್ನು ಇನ್ನೂ ಮುಂದೆ ನಿಲ್ಲಿಸುವುದು. 2024ರ ಮೇನಲ್ಲಿ ಅಮೆರಿಕದ ಸ್ಟೀರಿಯೊ-ಎ ನೌಕೆ ಅಕಸ್ಮಾತ್ತಾಗಿ ಸೂರ್ಯನಿಗೆ ಸ್ವಲ್ಪ ಹತ್ತಿರ, ಭೂಮಿಗೆ ತುಸು ಪಕ್ಕದಲ್ಲಿತ್ತು. ಅದೇ ಬಿರುಗಾಳಿಯನ್ನು ಎಲ್1ಗಿಂತ ಎರಡು ಗಂಟೆಗೂ ಮುಂಚೆ ಅಳೆಯಿತು. ಎರಡು ಗಂಟೆ ಅಂದರೆ ವಿದ್ಯುತ್ ಜಾಲ ನೋಡಿಕೊಳ್ಳುವವರಿಗೆ ಚಿನ್ನ. ಆದರೆ ಅಷ್ಟು ಮುಂದೆ ನೌಕೆ ನಿಲ್ಲುವುದಿಲ್ಲ. ಎಲ್1ರಲ್ಲಿ ಸೂರ್ಯ, ಭೂಮಿ ಎರಡರ ಎಳೆತವೂ ಸರಿಹೊಂದುತ್ತದೆ, ಅದರಾಚೆ ಹೊಂದುವುದಿಲ್ಲ. ಕಾಪಾಡಲು ಒಂದರ ಹಿಂದೆ ಒಂದು ನೌಕೆಗಳ ಸಾಲೇ ಬೇಕು. ಸದ್ಯಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಎಲ್1ಗೇ ಇನ್ನೊಂದು ಕಾವಲು ನೌಕೆ ಕಳಿಸಿದೆ. ಯುರೋಪಿನವರು 2031ರ ಹೊತ್ತಿಗೆ ಸೂರ್ಯನನ್ನು ಪಕ್ಕದಿಂದ ನೋಡುವ ವಿಜಿಲ್ ಕಳಿಸುವ ತಯಾರಿಯಲ್ಲಿದ್ದಾರೆ. ಪಕ್ಕದಿಂದ ನೋಡಿದರೆ ಮುದ್ದೆ ಯಾವ ಕಡೆ, ಎಷ್ಟು ವೇಗದಲ್ಲಿ ಹೊರಟಿದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಬಿಝಡ್ ಆಗಲೂ ಗೊತ್ತಾಗುವುದಿಲ್ಲ.

ಸೌರಚಕ್ರ 2024ರಲ್ಲಿ ನೆತ್ತಿಗೇರಿತ್ತು, ಈಗ ಇಳಿಮುಖ. ಹಾಗಂತ ಬಿರುಗಾಳಿ ನಿಲ್ಲುವುದಿಲ್ಲ, ಬಗೆ ಬದಲಾಗುತ್ತದೆ. ಇಳಿಗಾಲದಲ್ಲಿ ಕರೋನಾದಲ್ಲಿ ದೊಡ್ಡ ದೊಡ್ಡ ಕಂಡಿಗಳು ತೆರೆದುಕೊಳ್ಳುತ್ತವೆ. ಅಲ್ಲಿಂದ ಸೆಕೆಂಡಿಗೆ 600, 700 ಕಿ.ಮೀ. ವೇಗದ ಗಾಳಿ ಬೀಸುತ್ತದೆ. ಸೂರ್ಯ ಸುಮಾರು 27 ದಿನಕ್ಕೊಮ್ಮೆ ನಮ್ಮ ಕಡೆಗೆ ಅದೇ ಮುಖ ತಿರುಗಿಸುವುದರಿಂದ ಅದೇ ಗಾಳಿ 27 ದಿನಕ್ಕೊಮ್ಮೆ ಮತ್ತೆ ಬರುತ್ತದೆ. ಇವು ದೊಡ್ಡ ಬಿರುಗಾಳಿಗಳಲ್ಲ, ಆದರೆ ಪಾಳಿ ತಪ್ಪಿಸುವುದಿಲ್ಲ. ಇನ್ನೊಂದು ಪಾಳಿಯೂ ಇದೆ. ಹಗಲು ರಾತ್ರಿ ಸಮ ಇರುವ ಕಾಲದಲ್ಲಿ, ಅಂದರೆ ಯುಗಾದಿಯ ಆಸುಪಾಸು ಮತ್ತು ನವರಾತ್ರಿಯ ಆಸುಪಾಸು, ಭೂಮಿಯ ಕಾಂತ ಅಕ್ಷ ಸೂರ್ಯನ ಗಾಳಿಗೆ ಓರೆಯಾಗಿರುವ ರೀತಿಯಿಂದಾಗಿ ದಕ್ಷಿಣಮುಖದ ಪಾಲು ಜಾಸ್ತಿ ಸಿಗುತ್ತದೆ. 1973ರಲ್ಲಿ ರಸೆಲ್ ಮತ್ತು ಮ್ಯಾಕ್‌ಫೆರನ್ ಇದನ್ನು ವಿವರಿಸಿದರು. ಅರೋರಾ ನೋಡಲು ನಾರ್ವೆಗೆ ಟಿಕೆಟ್ ಮಾಡಿಸುವವರು ಮಾರ್ಚ್, ಸೆಪ್ಟೆಂಬರ್ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಕ್ಕನ ಮಗ ಮೊನ್ನೆ ಮತ್ತೆ ಕೇಳಿದ. ಚಳಿಗಾಲಕ್ಕೆ ಮುಂಚೆ ಅವನ ಅಪ್ಪ ಅಮ್ಮ ಅಲ್ಲಿಗೆ ಹೋಗುವವರಿದ್ದಾರೆ. ಅವರಿಗೂ ತೋರಿಸಬೇಕಂತೆ. "ಮಾಮ, ಮುಂದಿನದು ಯಾವಾಗ ಅಂತ ಹೇಳಿದ್ರೆ ರಜೆ ಹಾಕ್ತೀನಿ" ಅಂದ.

"ಹೇಳ್ತೀನಪ್ಪ" ಅಂದೆ. "ಅರ್ಧ ಗಂಟೆ ಮುಂಚೆ."